ಯಾರೂ ಮುಟ್ಟದ ಕಿಟಕಿ ಗಾಜು ಬಿರುಕು ಬಿಡುವುದು ಯಾಕೆ?

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಜೊತೆಗೆ ನಾಲ್ಕು ಫೋಟೋ ಕಳಿಸಿದ್ದಾರೆ. ಪತ್ರದ ಸಾರ ಇದು:

"ನಮ್ಮದು 1986ರಲ್ಲಿ ಕಟ್ಟಿದ ಮನೆ. ಕಿಟಕಿಗಳೆಲ್ಲ ಮತ್ತಿ ಮರದವು. ಒಂದೊಂದು ಕದಕ್ಕೆ ಮೂರು ಮೂರು ಗಾಜು. ಏಪ್ರಿಲ್‌ನಲ್ಲಿ ಮೊಮ್ಮಗನ ಚೆಂಡು ಬಿದ್ದು ಹಾಲ್ ಕಿಟಕಿಯ ಒಂದು ಗಾಜು ಒಡೆಯಿತು. ಪೇಟೆಯಿಂದ ಕೆಲಸದವರನ್ನು ಕರೆಸಿ ಹೊಸದು ಹಾಕಿಸಿದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಅದೇ ಗಾಜು ಬದಿಯಿಂದ ಬಿರುಕು ಬಿಟ್ಟಿದೆ! ರಾತ್ರಿ ಯಾರೂ ಮುಟ್ಟಿಲ್ಲ. ಆಗಸ್ಟ್‌ನಲ್ಲಿ ಮತ್ತೆ ಹಾಕಿಸಿದೆ. ಹತ್ತೇ ದಿನದಲ್ಲಿ ಅದೂ ಹೋಯಿತು. ಕೆಲಸದವರು ದಪ್ಪ ಗಾಜು ಹಾಕೋಣ ಅನ್ನುತ್ತಾರೆ. ಪಕ್ಕದ ಮನೆಯವರು ದೃಷ್ಟಿಯಾಗಿದೆ ಅನ್ನುತ್ತಾರೆ. ಮಹಡಿ ಬಚ್ಚಲುಮನೆಯ ಕಬ್ಬಿಣದ ಕಿಟಕಿಯಲ್ಲಿ ಹೂವಿನ ಗಾಜೂ ಕೆಳಗಿನಿಂದ ಬಿರುಕು ಬಿಟ್ಟಿದೆ. ಜಗಲಿ ಬಾಗಿಲಿನ ದೊಡ್ಡ ಗಾಜಿನ ಮೂಲೆ ಮುರಿದಿದೆ, ಟೇಪ್ ಅಂಟಿಸಿ ಇಟ್ಟಿದ್ದೇನೆ. ಮೊಮ್ಮಗನಿಗೆ ಆರು ವರ್ಷ, ಮೊಮ್ಮಗಳಿಗೆ ಮೂರು. ಟಫನ್ಡ್ ಗಾಜು ಹಾಕಿಸಿಬಿಟ್ಟರೆ ಈ ತಲೆನೋವು ಮುಗಿಯುತ್ತದಾ? ಪುಟ್ಟಿ ಒಳ್ಳೆಯದಾ, ಸಿಲಿಕಾನ್ ಒಳ್ಳೆಯದಾ? ಸಣ್ಣ ಗಾಜುಗಳನ್ನು ನಾನೇ ಹಾಕಿಕೊಳ್ಳಬಹುದಾ?"

ನೀವು ಹೇಳಿದ ಒಡೆದ ಗಾಜುಗಳಲ್ಲಿ ಬಾಗಿಲಿನದು ಕೊನೆಗಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಹಾಲ್ ಕಿಟಕಿಯ ಬಿರುಕು ಇನ್ನೂ ಕೆಲವು ತಿಂಗಳು ಕಾಯಬಹುದು. ಜಗಲಿ ಬಾಗಿಲು ಒಂದು ದಿನವೂ ಕಾಯಬಾರದು.

ಮೂಲೆ ಮುರಿದ ದೊಡ್ಡ ಗಾಜು, ಬಾಗಿಲನ್ನು ಪ್ರತಿ ಸಲ ಹಾಕಿದಾಗಲೂ ಅದುರುತ್ತದೆ. ಆ ಮೂಲೆಯಿಂದ ಬಿರುಕು ಯಾವತ್ತಾದರೂ ಒಂದು ದಿನ ಮೇಲಕ್ಕೆ ಓಡುತ್ತದೆ. ಸಾದಾ ಗಾಜು ಒಡೆದರೆ ಕತ್ತಿಯಂಥ ಉದ್ದ ಚೂರುಗಳಾಗುತ್ತವೆ. ಮೇಲಿನ ಚೂರು ಅಲ್ಲೇ ಸಿಕ್ಕಿಕೊಂಡಿದ್ದು ಆಮೇಲೆ ಜಾರಿ ಬೀಳುತ್ತದೆ. ಮಕ್ಕಳು ಬಾಗಿಲು ತಳ್ಳುವಾಗ ಹಿಡಿ ನೋಡುವುದಿಲ್ಲ, ಗಾಜಿಗೇ ಕೈ ಇಡುತ್ತಾರೆ. ನಾನು ಗಾಜು ಹಾಕುವ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಮನೆಯಲ್ಲಿ ಹೀಗೇ ಆಯಿತು. ಹುಡುಗನ ಕೈ ಗಾಜಿನೊಳಗೆ ಹೋಯಿತು. ಹೋಗುವಾಗ ಆದ ಗಾಯ ಸಣ್ಣದು. ಹೆದರಿ ಕೈ ಹಿಂದಕ್ಕೆ ಎಳೆದುಕೊಂಡನಲ್ಲ, ಆಗ ಆದದ್ದು ದೊಡ್ಡದು. ಮಣಿಕಟ್ಟಿನಿಂದ ಮೊಣಕೈವರೆಗೆ ಹೊಲಿಗೆ ಹಾಕಬೇಕಾಯಿತು. ಅಂದಿನಿಂದ, ಮಕ್ಕಳ ಕೈಗೆ ಎಟುಕುವ ಬಾಗಿಲಿಗೆ ನಾನು ಸಾದಾ ಗಾಜು ಹಾಕಿಕೊಡುವುದಿಲ್ಲ. ಗಿರಾಕಿ ಬೇಸರ ಮಾಡಿಕೊಂಡರೂ ಸರಿ.

ಟೇಪ್ ಗಾಜಿಗೆ ಬಲ ಕೊಡುವುದಿಲ್ಲ. ಒಡೆದಾಗ ಚೂರುಗಳನ್ನು ಒಂದಿಷ್ಟು ಹಿಡಿದಿಡುತ್ತದೆ, ಅಷ್ಟೇ. ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ತೆಳು ಪ್ಲೈವುಡ್ ಹಾಳೆಯನ್ನು ಗಾಜಿನ ಎರಡೂ ಕಡೆ ಇಟ್ಟು, ಬಾಗಿಲಿನ ಮರಕ್ಕೆ ಸ್ಕ್ರೂ ಹಾಕಿಸಿ. ಮೊಳೆ ಬೇಡ. ಸುತ್ತಿಗೆ ಏಟಿಗೇ ಗಾಜು ಬಿದ್ದುಹೋಗಬಹುದು. ನೋಡಲು ಚೆಂದ ಕಾಣುವುದಿಲ್ಲ ನಿಜ, ಹೊಸ ಗಾಜು ಬರುವವರೆಗೆ ಮಾತ್ರ.

ಈಗ ಹಾಲ್ ಕಿಟಕಿಗೆ ಬರೋಣ. ಅದರ ವಿಷಯದಲ್ಲಿ ನಿಮಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಯಾಕೆಂದರೆ ಎರಡು ಸಲ ದುಡ್ಡು ಕೊಟ್ಟಿದ್ದೀರಿ, ಎರಡು ಸಲವೂ ಯಾರೂ ಕಾರಣ ಹುಡುಕಿಲ್ಲ.

ಗಾಜಿನ ಬಗ್ಗೆ ಗೊತ್ತಿರಬೇಕಾದ ಮುಖ್ಯ ಮಾತು: ಅದರ ಮೈ ಗಟ್ಟಿ, ಅಂಚು ಸೂಕ್ಷ್ಮ. ಗಾಜನ್ನು ಅಂಗಡಿಯಲ್ಲಿ ಕತ್ತರಿಸುವುದನ್ನು ನೋಡಿದ್ದೀರಾ? ನಿಜ ಹೇಳಬೇಕೆಂದರೆ ಅಲ್ಲಿ ಕತ್ತರಿಸುವುದೇ ಇಲ್ಲ. ಕಟ್ಟರ್‌ನ ತುದಿಯಲ್ಲಿ ಒಂದು ಪುಟ್ಟ ಗಟ್ಟಿ ಚಕ್ರ ಇರುತ್ತದೆ. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿ ಒತ್ತಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆಯುತ್ತಾರೆ. ಸರ್‍ರ್ ಎಂಬ ಒಂದೇ ಸಮನಾದ ಸದ್ದು ಬರಬೇಕು. ಎರಡನೇ ಸಲ ಅದೇ ಗೆರೆಯ ಮೇಲೆ ಎಳೆದರೆ ಅಂಚು ಹಾಳು. ಗೆರೆ ಬಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿರುತ್ತದೆ. ಎರಡೂ ಕಡೆ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಟಕ್ ಅಂತ ಆ ಬಿರುಕು ಪೂರ್ತಿ ಓಡಿ ಗಾಜು ಎರಡಾಗುತ್ತದೆ. ಅಂದರೆ ಪ್ರತಿ ಗಾಜಿನ ಅಂಚೂ ಒಂದು ಕಾಲಕ್ಕೆ ಬಿರುಕೇ. ಅಲ್ಲಿ ಕೂದಲೆಳೆಯಷ್ಟು ಚಿಕ್ಕ ಏಟು ಉಳಿದಿದ್ದರೂ, ಮುಂದೆ ಒತ್ತಡ ಬಿದ್ದ ದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಆ ಒತ್ತಡ ಎಲ್ಲಿಂದ ಬಂತು? ನಿಮ್ಮ ಫೋಟೋಗಳನ್ನು ನಾನು ದೊಡ್ಡದು ಮಾಡಿ ನೋಡಿದೆ. ಜುಲೈನಲ್ಲಿ ಒಡೆದ ಗಾಜಿನದು ಒಂದು ಕಥೆ, ಆಗಸ್ಟ್‌ನದು ಇನ್ನೊಂದು.

ಜುಲೈ ಗಾಜಿನ ಬಿರುಕು ಎಡಬದಿಯ ಅಂಚಿನಿಂದ ಹೊರಟು, ಅಲೆಅಲೆಯಾಗಿ ಬಲಕ್ಕೆ ಹೋಗಿದೆ. ಚೆಂಡೋ ಕಲ್ಲೋ ಬಿದ್ದಿದ್ದರೆ ಏಟು ಬಿದ್ದ ಜಾಗದಿಂದ ಸುತ್ತಲೂ ನಕ್ಷತ್ರದ ಹಾಗೆ ಗೆರೆಗಳಿರುತ್ತಿದ್ದವು. ಇಲ್ಲಿ ಹಾಗಿಲ್ಲ. ಆ ಗಾಜನ್ನು ಏಪ್ರಿಲ್‌ನಲ್ಲಿ ಅಳೆದು ಕತ್ತರಿಸಿದ್ದಾರೆ. ಏಪ್ರಿಲ್‌ನಲ್ಲಿ ನಿಮ್ಮ ಊರಿನ ಮರ ಒಣಗಿ ಕುಗ್ಗಿರುತ್ತದೆ. ಮಳೆ ಹಿಡಿದ ಮೇಲೆ ಅದೇ ಮರ ನೀರಿನಂಶ ಹೀರಿ ಉಬ್ಬುತ್ತದೆ. ಉದ್ದಕ್ಕೆ ಮರ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಗಲಕ್ಕೆ ಬೆಳೆಯುತ್ತದೆ. ಎರಡೂವರೆ ಇಂಚು ಅಗಲದ ನಿಲುವು ಪಟ್ಟಿ ಒಂದು ಮಿಲಿಮೀಟರ್‌ನಷ್ಟು ಅಗಲವಾಗುವುದು ಮಲೆನಾಡಿನಲ್ಲಿ ಮಾಮೂಲು. ಎಡಬಲ ಎರಡೂ ಪಟ್ಟಿ ಉಬ್ಬಿದಾಗ ನಡುವಿನ ಜಾಗ ಕಿರಿದಾಗುತ್ತದೆ. ಸರಿಯಾಗಿ ಒಣಗದ ಮತ್ತಿ ಮರವಾದರೆ ಜೊತೆಗೆ ಸ್ವಲ್ಪ ತಿರುಚಿಕೊಳ್ಳುತ್ತದೆ ಕೂಡ. ಮಳೆಗಾಲದಲ್ಲಿ ನಿಮ್ಮ ಬಾಗಿಲುಗಳು ದಾರಂದಕ್ಕೆ ಹಿಡಿದುಕೊಂಡು ಹಾಕಲು ತೆಗೆಯಲು ಕಷ್ಟವಾಗುತ್ತದಲ್ಲ, ಕಿಟಕಿಯ ಕದದೊಳಗೂ ಅದೇ ಆಗುತ್ತಿದೆ. ಗಾಜು ಬಿಗಿಯಾಗಿ ಕೂತಿದ್ದರೆ ಅದಕ್ಕೆ ಸರಿದುಕೊಳ್ಳಲು ಜಾಗವಿಲ್ಲ. ರಾತ್ರಿ ಯಾವಾಗಲೋ ಟಪ್ ಅಂದಿದೆ.

ಆಗಸ್ಟ್‌ನ ಗಾಜು ಮಳೆಗಾಲದಲ್ಲೇ ಅಳೆದದ್ದು. ಅದಕ್ಕೆ ಈ ಕಾರಣ ಹೊಂದುವುದಿಲ್ಲ. ಆದರೆ ಮೂರನೇ ಫೋಟೋದಲ್ಲಿ ಕೆಳಗಿನ ಬೀಡಿಂಗ್, ಅಂದರೆ ಗಾಜನ್ನು ಹಿಡಿದಿಡುವ ಸಣ್ಣ ಮರದ ಪಟ್ಟಿಯ ಹತ್ತಿರ ನೋಡಿ. ಬಿರುಕು ಶುರುವಾದ ಜಾಗದಲ್ಲಿ ಚಿಪ್ಪಿನ ಆಕಾರದ ಪುಟ್ಟ ಕಚ್ಚು ಕಾಣುತ್ತದೆ, ಅದಕ್ಕೆ ಸರಿಯಾಗಿ ಮೇಲೆ ಮೊಳೆಯ ತಲೆ. ಬೀಡಿಂಗ್ ಹೊಡೆಯುವಾಗ ಮೊಳೆ ಓರೆಯಾಗಿ ಹೋಗಿ ಗಾಜಿನ ಅಂಚಿಗೆ ತಾಗಿದೆ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಕೆಲಸದವರು ಹೋದ ಮೇಲೆ, ಗಾಳಿಗೆ ಕದ ಎರಡು ಸಲ ಬಡಿದ ಮೇಲೆ, ಬಿರುಕು ಹೊರಬರುತ್ತದೆ. ಕೆಲಸದವರನ್ನು ಬೈಯಬೇಡಿ. ಈ ತಪ್ಪು ನನ್ನ ಕೈಯಲ್ಲೂ ಆಗಿದೆ, ಈ ಕಸುಬಿನ ಎಲ್ಲರ ಕೈಯಲ್ಲೂ ಆಗಿದೆ. ಆದರೆ ಹಳೆ ಗಾಜು ತೆಗೆದಾಗ ಅದು ಎಲ್ಲಿಂದ ಒಡೆದಿದೆ ಅಂತ ಒಂದು ನಿಮಿಷ ನೋಡಿದ್ದರೆ ಮುಂದಿನದು ಉಳಿಯುತ್ತಿತ್ತು.

ದೃಷ್ಟಿಯ ಮಾತಿಗೆ ಬಂದರೆ, ಕಾರಣ ಫೋಟೋದಲ್ಲೇ ಕಾಣುತ್ತಿರುವಾಗ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಒಡೆದ ಗಾಜನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಜಗಲಿ ಬಾಗಿಲಿನದನ್ನಂತೂ ಬೇಗ ತೆಗೆಸಿಹಾಕಿ.

ದಪ್ಪ ಗಾಜಿನ ಸಲಹೆಯನ್ನು ಮಾತ್ರ ಒಪ್ಪುವುದಿಲ್ಲ. ದಪ್ಪ ಗಾಜು ಗಾಳಿಯ ಒತ್ತಡವನ್ನು, ಬಗ್ಗುವುದನ್ನು ಚೆನ್ನಾಗಿ ತಡೆಯುತ್ತದೆ. ಬಿಗಿಯಾದ ಚೌಕಟ್ಟಿಗೂ ಓರೆ ಮೊಳೆಗೂ ಅದು ಉತ್ತರವಲ್ಲ. ತೂಕದ ಲೆಕ್ಕವೂ ಇದೆ. 4 ಮಿಲಿಮೀಟರ್ ಗಾಜು ಒಂದು ಚದರಡಿಗೆ ಹತ್ತಿರ ಹತ್ತಿರ ಒಂದು ಕಿಲೋ ತೂಗುತ್ತದೆ. 6 ಮಿಲಿಮೀಟರ್ ಹಾಕಿದರೆ ಒಂದೂವರೆ ಕಿಲೋ. ಸುಮಾರು ನಲವತ್ತು ವರ್ಷ ಹಳೆಯ ತಿರುಗಣೆಗಳು (ಹಿಂಜ್‌ಗಳು) ಅಷ್ಟು ಭಾರ ಹೊತ್ತು ಜೋತುಬೀಳುತ್ತವೆ. ಕದ ಜೋತುಬಿದ್ದರೆ ಚೌಕ ತಪ್ಪುತ್ತದೆ, ಮತ್ತೆ ಮೂಲೆಯಲ್ಲಿ ಒತ್ತಡ. ಇನ್ನೊಂದು ತೊಂದರೆ ಏನೆಂದರೆ, ಹಳೆಯ ಕಿಟಕಿಯಲ್ಲಿ ಗಾಜು ಕೂರುವ ಕಚ್ಚು ತೆಳು ಗಾಜಿಗೆ ಅಂತಲೇ ಕೊರೆದದ್ದು. ದಪ್ಪದ್ದು ಹಾಕಿದರೆ ಪುಟ್ಟಿಗೂ ಬೀಡಿಂಗಿಗೂ ಜಾಗ ಉಳಿಯುವುದಿಲ್ಲ. ನಿಮ್ಮ ಹಾಲ್ ಕಿಟಕಿಯ ಗಾಜು ಒಂದೊಂದೂ 15 ಇಂಚು ಅಗಲ, 18 ಇಂಚು ಎತ್ತರ ಅಂತ ಬರೆದಿದ್ದೀರಿ. ಅದಕ್ಕೆ 4 ಮಿಲಿಮೀಟರ್ ಸಾಕು.

ಟಫನ್ಡ್ ಗಾಜಿನ ಬಗ್ಗೆ ಜನರಲ್ಲಿ ಒಂದು ದೊಡ್ಡ ನಂಬಿಕೆ ಇದೆ, ಅದು ಒಡೆಯುವುದೇ ಇಲ್ಲ ಅಂತ. ಒಡೆಯುತ್ತದೆ. ಸಾದಾ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ, ಜೋರು ಗಾಳಿ ಬಿಟ್ಟು ಥಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಹಿಡಿಯುತ್ತದೆ. ಈ ಬಿಗಿತದಿಂದಲೇ ಅದಕ್ಕೆ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲ. ಆದರೆ ಅಂಚಿನಲ್ಲಿ ಜೋರು ಏಟು ಬಿದ್ದು ಈ ಬಿಗಿತ ಒಂದು ಕಡೆ ಹರಿದರೆ ಸಾಕು, ಇಡೀ ಗಾಜು ಒಂದೇ ಕ್ಷಣದಲ್ಲಿ ಕಲ್ಲುಸಕ್ಕರೆಯಂತೆ ಪುಡಿಪುಡಿ. ಮೊಂಡು ಚೂರುಗಳಾದ್ದರಿಂದ ದೊಡ್ಡ ಗಾಯ ಆಗುವುದು ಕಡಿಮೆ. ಅದನ್ನು ಹಾಕುವುದು ಆ ಕಾರಣಕ್ಕೆ. ತೀರಾ ಅಪರೂಪಕ್ಕೆ, ತಯಾರಿಯ ಹೊತ್ತಿನಲ್ಲಿ ಒಳಗೆ ಸಿಕ್ಕಿಕೊಂಡ ನಿಕಲ್ ಸಲ್ಫೈಡ್‌ನ ಕಣ್ಣಿಗೆ ಕಾಣದ ಕಣದಿಂದ ವರ್ಷಗಳ ಮೇಲೆ ತಾನಾಗಿ ಪುಡಿಯಾಗುವುದೂ ಉಂಟು. ಮತ್ತೆ, ಟಫನ್ ಮಾಡಿದ ಮೇಲೆ ಅದನ್ನು ಕತ್ತರಿಸಲು ಆಗುವುದಿಲ್ಲ, ತೂತು ಕೊರೆಯಲೂ ಆಗುವುದಿಲ್ಲ. ಅಳತೆ ಕೊಟ್ಟು ಮಾಡಿಸಬೇಕು. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಜಾಸ್ತಿಯಾದರೂ ಆ ಗಾಜು ವ್ಯರ್ಥ.

ಹಾಗಾಗಿ ನನ್ನ ಸಲಹೆ: ಹಾಲ್ ಕಿಟಕಿಗೆ ಸಾದಾ ಗಾಜು, ಜಗಲಿ ಬಾಗಿಲಿಗೆ ಮಾತ್ರ ಸುರಕ್ಷಿತ ಗಾಜು.

ಬಾಗಿಲಿಗೆ ಎರಡು ದಾರಿ ಇವೆ. ಒಂದು 5 ಮಿಲಿಮೀಟರ್ ಟಫನ್ಡ್. ನಿಮ್ಮ ಬಾಗಿಲಿನ ಅಳತೆ 22 ಇಂಚು, 40 ಇಂಚು. ತೂಕ ಸುಮಾರು 7 ಕಿಲೋ ಬರುತ್ತದೆ, ತಿರುಗಣೆ ಗಟ್ಟಿ ಇದ್ದರೆ ಸಾಕು. ಕೊಳ್ಳುವಾಗ ಒಂದು ಮೂಲೆಯಲ್ಲಿ ಅಳಿಸಲಾಗದ ಗುರುತು ಅಚ್ಚಾಗಿದೆಯಾ ನೋಡಿ. ಕಟ್ಟಡದ ಸುರಕ್ಷಿತ ಗಾಜಿಗೆ ನಮ್ಮಲ್ಲಿರುವ ಮಾನದಂಡ ಐಎಸ್ 2553. ಗುರುತಿಲ್ಲದ ಗಾಜನ್ನು ಟಫನ್ಡ್ ಅಂತ ಬಾಯಿಮಾತಿನಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಇನ್ನೊಂದು ದಾರಿ ಲ್ಯಾಮಿನೇಟೆಡ್. ಎರಡು ತೆಳು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದದ್ದು. ಕಾರಿನ ಮುಂದಿನ ಗಾಜು ಇದೇ ಜಾತಿ. ಒಡೆದರೂ ಚೂರು ಉದುರುವುದಿಲ್ಲ, ಅಲ್ಲೇ ಅಂಟಿಕೊಂಡಿರುತ್ತದೆ. ಕಳ್ಳರಿಗೂ ಸುಲಭವಲ್ಲ. ಆದರೆ ಸ್ವಲ್ಪ ದಪ್ಪ, ಬೆಲೆಯೂ ಜಾಸ್ತಿ. ಅಂಚಿಗೆ ಸದಾ ನೀರು ತಾಗುತ್ತಿದ್ದರೆ ವರ್ಷಗಳ ಮೇಲೆ ಪದರ ಬಿಟ್ಟುಕೊಂಡು ಬೆಳ್ಳಗಾಗುತ್ತದೆ. ನಿಮ್ಮ ಜಗಲಿಗೆ ಇರಚಲು ಹೊಡೆಯುತ್ತದೆ ಅಂತ ಬರೆದಿದ್ದೀರಿ, ಆದ್ದರಿಂದ ನಾನಾಗಿದ್ದರೆ ಟಫನ್ಡ್ ಆರಿಸುತ್ತಿದ್ದೆ.

ತಂತಿ ಬಲೆ ಇರುವ ಗಾಜು ಹಳೆ ಆಫೀಸು, ಶಾಲೆಗಳಲ್ಲಿ ಕಾಣುತ್ತದಲ್ವಾ? ಬೇಡ. ಅದನ್ನು ಬೆಂಕಿಯ ಹೊತ್ತಿನಲ್ಲಿ ಗಾಜು ಕಳಚಿ ಬೀಳದಿರಲಿ ಎಂದು ಮಾಡಿದ್ದು. ಏಟಿಗೆ ಅದು ಸಾದಾ ಗಾಜಿಗಿಂತ ಗಟ್ಟಿಯೇನಲ್ಲ. ಕೈ ಒಳಹೋದರೆ ಗಾಜಿನ ಜೊತೆ ತಂತಿಯೂ ಕೊಯ್ಯುತ್ತದೆ.

ಇನ್ನು ನೀವೇ ಹಾಕಿಕೊಳ್ಳುವ ವಿಷಯ. ಹಾಲ್‌ನ ಸಣ್ಣ ಗಾಜು ಎರಡು ಕಿಲೋ ಕೂಡ ಇಲ್ಲ, ಕೆಳ ಅಂತಸ್ತಿನಲ್ಲೇ ಇದೆ, ಖಂಡಿತ ಹಾಕಬಹುದು. ಬಾಗಿಲಿನದನ್ನೂ ಮಹಡಿಯ ಬಚ್ಚಲುಮನೆಯದನ್ನೂ ಬಲ್ಲವರಿಗೇ ಬಿಡಿ. ಏಣಿಯ ಮೇಲೆ ನಿಂತು ಗಾಜು ಹಿಡಿಯುವುದು ನಾವು ಇಬ್ಬರಿಲ್ಲದೆ ಮಾಡುವ ಕೆಲಸವಲ್ಲ.

ಸಾಧ್ಯವಾದರೆ ಕದವನ್ನೇ ತಿರುಗಣೆಯಿಂದ ಬಿಚ್ಚಿ ಮೇಜಿನ ಮೇಲೆ ಮಲಗಿಸಿಕೊಳ್ಳಿ. ಅರ್ಧ ಕಷ್ಟ ಅಲ್ಲೇ ಕಡಿಮೆಯಾಗುತ್ತದೆ. ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಹವಾಯಿ ಚಪ್ಪಲಿ ಬೇಡ. ಬಿರುಕಿನ ಮೇಲೆ ಅಡ್ಡ ಉದ್ದ ಟೇಪ್ ಅಂಟಿಸಿ. ಗೋಡೆಯಲ್ಲೇ ಇರುವ ಕದವಾದರೆ ಮೇಲಿನ ಚೂರು ಮೊದಲು, ಕೆಳಗಿನದು ಆಮೇಲೆ. ಕೆಳಗಿನದನ್ನು ಮೊದಲು ಎಳೆದರೆ ಮೇಲಿನದು ಮಣಿಕಟ್ಟಿನ ಮೇಲೆ ಬೀಳುತ್ತದೆ. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಹಾಗೂ ಗಾಜು ಚುಚ್ಚಿ ಒಳಗೇ ಉಳಿದರೆ ಕೀಳಲು ಹೋಗಬೇಡಿ. ಸುತ್ತಲೂ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ.

ಬೀಡಿಂಗ್ ಪಟ್ಟಿಗಳನ್ನು ನಡುವಿನಿಂದ ಉಳಿ ಹಾಕಿ ಮೆಲ್ಲಗೆ ಎಬ್ಬಿಸಿ. ತುದಿಯಿಂದ ಎಬ್ಬಿಸಿದರೆ ಮೂಲೆಯ ಕೂಡು ಮುರಿಯುತ್ತದೆ. ಯಾವ ಪಟ್ಟಿ ಯಾವ ಬದಿಯದು ಅಂತ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ. ಆಮೇಲೆ ಕಚ್ಚನ್ನು ಪೂರ್ತಿ ಸ್ವಚ್ಛ ಮಾಡಿ. ಹಳೆ ಪುಟ್ಟಿ, ಮೊಳೆ ತುಂಡು, ಗಾಜಿನ ಪುಡಿ ಏನೂ ಉಳಿಯಬಾರದು. ಬೆರಳಲ್ಲಿ ಸವರಿ ನೋಡಬೇಡಿ, ಟಾರ್ಚ್ ಬಿಟ್ಟು ನೋಡಿ. ಒಂದು ಸಾಸಿವೆ ಕಾಳಿನಷ್ಟು ಗಟ್ಟಿ ಪುಟ್ಟಿ ಅಲ್ಲಿ ಉಳಿದರೂ ಹೊಸ ಗಾಜು ಅದರ ಮೇಲೆ ನಿಂತು ಒಡೆಯುತ್ತದೆ.

ಅಳತೆಯನ್ನು ಅಗಲಕ್ಕೆ ಮೂರು ಕಡೆ, ಎತ್ತರಕ್ಕೆ ಮೂರು ಕಡೆ ತೆಗೆಯಿರಿ. ಅದರಲ್ಲಿ ಚಿಕ್ಕದು ಯಾವುದೋ ಅದೇ ಲೆಕ್ಕ. ಮೂಲೆಯಿಂದ ಮೂಲೆಗೂ ಎರಡೂ ಕಡೆ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಕದ ಚೌಕವಾಗಿಲ್ಲ ಎಂದರ್ಥ. ಆಗ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಚಿಕ್ಕ ಅಳತೆಯಿಂದ ಅಗಲದಲ್ಲೂ ಎತ್ತರದಲ್ಲೂ ಒಂದೊಂದು ನೂಲು, ಅಂದರೆ 3 ಮಿಲಿಮೀಟರ್, ಕಡಿಮೆ ಮಾಡಿ ಎನ್ನುವುದು ಎಲ್ಲರೂ ಹೇಳುವ ಲೆಕ್ಕ. ಮಲೆನಾಡಿನ ಮರದ ಕಿಟಕಿಗೆ ನಾನು 4 ಮಿಲಿಮೀಟರ್ ಬಿಡುತ್ತೇನೆ, ಒಂದೊಂದು ಬದಿಗೆ ಎರಡೆರಡು. ಬೇಸಿಗೆಯಲ್ಲಿ ಅಳೆಯುವುದಾದರೆ ಇದು ಬೇಕೇಬೇಕು.

ಅಂಗಡಿಯಲ್ಲಿ ಬಿಲ್ ನೋಡಿ ಗಾಬರಿಯಾಗಬೇಡಿ. ಅಳತೆಯನ್ನು ಸಾಮಾನ್ಯವಾಗಿ ಮುಂದಿನ 3 ಇಂಚಿಗೆ ಏರಿಸಿ ಚದರಡಿ ಲೆಕ್ಕ ಹಾಕುತ್ತಾರೆ. 16 ಇಂಚು ಕೇಳಿದರೂ 18ಕ್ಕೆ ದುಡ್ಡು. ಉಳಿದ ತುಂಡು ಅವರಿಗೆ ಕೆಲಸಕ್ಕೆ ಬಾರದು ಅನ್ನುವುದು ಕಾರಣ. ಆದರೆ ಎರಡು ವಿಷಯ ಕೇಳಿ ಪಡೆಯಿರಿ. ಅಂಚನ್ನು ಕಲ್ಲಿನಲ್ಲಿ ಉಜ್ಜಿ ಕೊಡಲಿ. ಗಾಜಿನ ಮೇಲೆ ಕಾಮನಬಿಲ್ಲಿನಂಥ ಮಸುಕು ಕಲೆ ಇಲ್ಲದಿರಲಿ. ಮಳೆಗಾಲದಲ್ಲಿ ಒಂದರ ಮೇಲೊಂದು ಒರಗಿಸಿಟ್ಟ ಗಾಜುಗಳ ನಡುವೆ ತೇವ ಸಿಕ್ಕಿಕೊಂಡು ಮೈಯನ್ನೇ ತಿನ್ನುತ್ತದೆ. ಆ ಕಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಒಯ್ಯುವಾಗ ಗಾಜನ್ನು ಮಲಗಿಸಬೇಡಿ, ನಿಲ್ಲಿಸಿ ಹಿಡಿಯಿರಿ. ಮನೆಗೆ ತಂದ ಮೇಲೆ ಬರೀ ನೆಲದ ಮೇಲೆ ಇಡದೆ ಎರಡು ಮರದ ತುಂಡಿನ ಮೇಲೆ ನಿಲ್ಲಿಸಿ.

ಪುಟ್ಟಿಯೋ ಸಿಲಿಕಾನೋ ಎಂದು ಕೇಳಿದ್ದೀರಿ. ಹಳೆಯ ಮರದ ಕಿಟಕಿಗೆ ನನ್ನ ಮನಸ್ಸು ಪುಟ್ಟಿಯ ಕಡೆಗೇ. ಅಂಗಡಿಯಲ್ಲಿ ಬರೀ ಪುಟ್ಟಿ ಅಂದರೆ ಗೋಡೆಗೆ ಬಳಿಯುವ ಬಿಳಿ ಪುಡಿ ಕೊಟ್ಟುಬಿಡುತ್ತಾರೆ. ಗಾಜಿನ ಪುಟ್ಟಿ ಅಂತ ಬಿಡಿಸಿ ಹೇಳಿ. ಇದು ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ್ದು. ನಾವು ಕಲಿಯುವಾಗ ಇದನ್ನು ಕೆಲಸದ ಜಾಗದಲ್ಲೇ ಚಪಾತಿ ಹಿಟ್ಟಿನ ಹಾಗೆ ನಾದಿಕೊಳ್ಳುತ್ತಿದ್ದೆವು. ಕೈಗೆ ಅಂಟಬಾರದು, ಬೆರಳಲ್ಲಿ ಉರುಳಿಸಿದರೆ ಒಡೆಯಲೂಬಾರದು. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಬರಿ ಮರಕ್ಕೆ ಪುಟ್ಟಿ ಹಚ್ಚುತ್ತಾರೆ. ಒಣ ಮರ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ, ಪುಟ್ಟಿ ಒಂದೇ ವರ್ಷದಲ್ಲಿ ಬಿರಿದು ಉದುರುತ್ತದೆ. ಕಚ್ಚಿಗೆ ಮೊದಲು ಒಂದು ಕೈ ಪ್ರೈಮರ್ ಹೊಡೆದು ಒಣಗಿಸಿ.

ಸಿಲಿಕಾನ್ ಕೆಟ್ಟದ್ದಲ್ಲ. ನೀರು ಚೆನ್ನಾಗಿ ತಡೆಯುತ್ತದೆ, ಸ್ವಲ್ಪ ಎಳೆದರೆ ಎಳೆತ ತಾಳುತ್ತದೆ. ಆದರೆ ಅದರ ಮೇಲೆ ಬಣ್ಣ ಕೂರುವುದಿಲ್ಲ. ಮುಂದೆ ಮತ್ತೊಂದು ಗಾಜು ಒಡೆದರೆ ಅದನ್ನು ಕಿತ್ತು ತೆಗೆಯುವವರಿಗೆ ಪ್ರಾಣಸಂಕಟ, ಹಳೆಯ ಮರವೂ ಕಿತ್ತುಬರುತ್ತದೆ. ಬಚ್ಚಲುಮನೆಗೆ ಅದು ಸರಿ, ನಿಮ್ಮ ಹಾಲ್‌ಗೆ ಬೇಡ.

ಕೂರಿಸುವ ಕೆಲಸ ಹೀಗೆ. ಕಚ್ಚಿನ ಸುತ್ತ ತೆಳುವಾಗಿ, ಎರಡು ಮಿಲಿಮೀಟರ್‌ನಷ್ಟು, ಪುಟ್ಟಿ ಹಾಸಿ. ಕೆಳಗಿನ ಅಂಚಿನಲ್ಲಿ ಎಡದಿಂದ ಕಾಲು ಭಾಗಕ್ಕೊಂದು, ಬಲದಿಂದ ಕಾಲು ಭಾಗಕ್ಕೊಂದು ಪುಟ್ಟ ರಬ್ಬರ್ ತುಂಡು ಇಡಿ. ಸೈಕಲ್ ಟ್ಯೂಬ್ ಕತ್ತರಿಸಿದ್ದೂ ಆಗುತ್ತದೆ. ಗಾಜು ಮರದ ಮೇಲೆ ಕೂರಬಾರದು, ಈ ರಬ್ಬರ್ ಮೇಲೆ ಕೂರಬೇಕು. ಒತ್ತುವುದು ಅಂಚಿನಲ್ಲಿ ಮಾತ್ರ, ನಡುವೆ ಒತ್ತಬೇಡಿ. ಸುತ್ತಲೂ ಸಂದು ಒಂದೇ ಸಮ ಇದೆಯಾ ನೋಡಿ. ಆಮೇಲೆ ಬೀಡಿಂಗ್. ಹಳೆ ಮೊಳೆ ತೂತುಗಳಲ್ಲೇ ಮೊಳೆ ಹೊಡೆಯಬೇಡಿ, ಅವು ಓರೆಯಾಗಿವೆ. ಸಣ್ಣ ಬಿಟ್‌ನಿಂದ ಹೊಸ ತೂತು ಮಾಡಿಕೊಂಡು ಸಣ್ಣ ಸ್ಕ್ರೂ ಹಾಕಿ, ತುದಿ ಗಾಜಿನ ಕಡೆಗಲ್ಲ, ಮರದ ಕಡೆಗೆ ವಾಲಿರಲಿ. ಮೊಳೆಯೇ ಸಾಕು ಅನ್ನುವುದಾದರೆ ಗಾಜಿನ ಮೇಲೆ ದಪ್ಪ ರಟ್ಟು ಇಟ್ಟು, ಸುತ್ತಿಗೆಯನ್ನು ರಟ್ಟಿನ ಮೇಲೆ ಜಾರಿಸುತ್ತಾ ಹೊಡೆಯಿರಿ. ಸುತ್ತಿಗೆ ಎತ್ತಿ ಹೊಡೆಯುವ ಕೆಲಸವಲ್ಲ ಇದು.

ಹೊರಗಡೆ ಕಾಣುವ ಪುಟ್ಟಿಯನ್ನು ನೀರು ಜಾರುವಂತೆ ಓರೆಯಾಗಿ ಸವರಿ. ಅದರ ಮೇಲೆ ಚರ್ಮ ಕಟ್ಟಲು ಒಂದೆರಡು ವಾರ ಬೇಕು. ಆಮೇಲೆ ಬಣ್ಣ. ಬಣ್ಣ ಗಾಜಿನ ಮೇಲೂ ಒಂದೆರಡು ಮಿಲಿಮೀಟರ್ ಹತ್ತಬೇಕು. ನೀಟಾಗಿ ಕಾಣಲಿ ಎಂದು ಅದನ್ನು ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಾರೆ. ಆ ತೆಳು ಗೆರೆಯೇ ನಿಮ್ಮೂರಿನ ಮಳೆಯನ್ನು ತಡೆಯುವುದು, ಸುಮ್ನೆ ಬಿಟ್ಟುಬಿಡಿ.

ಬಚ್ಚಲುಮನೆಯ ಕಬ್ಬಿಣದ ಕಿಟಕಿಯ ರೋಗವೇ ಬೇರೆ. ನಾಲ್ಕನೇ ಫೋಟೋದಲ್ಲಿ ಕೆಳಗಿನ ಪಟ್ಟಿ ಹಪ್ಪಳದ ಹಾಗೆ ಪದರ ಪದರ ಎದ್ದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ. ಹಿಡಿದ ತುಕ್ಕು ವರ್ಷ ವರ್ಷವೂ ಉಬ್ಬಿ ಗಾಜನ್ನು ಕೆಳಗಿನಿಂದ ಒತ್ತಿದೆ. ಎಂಥ ಗಾಜು ಹಾಕಿದರೂ ತುಕ್ಕು ತೆಗೆಯದೆ ಅದು ಉಳಿಯುವುದಿಲ್ಲ. ತಂತಿ ಬ್ರಷ್‌ನಲ್ಲಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿಸಿ, ತುಕ್ಕು ತಡೆಯುವ ಪ್ರೈಮರ್ ಎರಡು ಕೈ ಹೊಡೆಸಿ. ಪಟ್ಟಿ ತೂತು ಬಿದ್ದಿದ್ದರೆ ಆ ತುಂಡನ್ನು ಕತ್ತರಿಸಿ ವೆಲ್ಡಿಂಗ್ ಮಾಡಿಸುವುದೇ ಸರಿ. ವೆಲ್ಡಿಂಗ್ ಹೊತ್ತಿಗೆ ಪಕ್ಕದ ಗಾಜುಗಳನ್ನೂ ತೆಗೆಸಿಡಿ, ಕಿಡಿ ಬಿದ್ದರೆ ಗಾಜಿನ ಮೇಲೆ ಅಳಿಸಲಾಗದ ಚುಕ್ಕೆ ಬೀಳುತ್ತದೆ. ಕಬ್ಬಿಣ ಎಣ್ಣೆ ಹೀರುವುದಿಲ್ಲವಾದ್ದರಿಂದ ಮರದ ಪುಟ್ಟಿ ಅಲ್ಲಿ ಸರಿಯಾಗಿ ಗಟ್ಟಿಯಾಗದು. ಅದಕ್ಕೆ ಬೇರೆ ಪುಟ್ಟಿ ಇದೆ, ಇಲ್ಲವೇ ಸಿಲಿಕಾನ್. ಸಿಲಿಕಾನ್‌ನಲ್ಲಿ ವಿನೆಗರ್ ಹಾಗೆ ಹುಳಿ ವಾಸನೆ ಬರುವುದನ್ನು ಕಬ್ಬಿಣಕ್ಕೆ ಹಾಕಬೇಡಿ, ಮತ್ತೆ ತುಕ್ಕು ಹಿಡಿಸುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ಕೇಳಿ. ಕಬ್ಬಿಣದ ಚೌಕಟ್ಟಿಗೆ ಒಂದೊಂದು ಬದಿಗೂ 3 ಮಿಲಿಮೀಟರ್ ಸಂದು ಬಿಡಿ. ಹೂವಿನ ಗಾಜಿನ ನುಣುಪು ಮೈ ಸೋಪು ನೀರು ಹಾರುವ ಕಡೆಗಿರಲಿ, ಒರೆಸಲು ಸುಲಭ. ಅದೇ ಹೂವಿನ ವಿನ್ಯಾಸ ಈಗ ಸಿಗುವುದು ಕಷ್ಟ. ಹಳೆ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಒಮ್ಮೆ ಕೇಳಿ ನೋಡಿ. ಸಿಕ್ಕಿದರೆ ಕತ್ತರಿಸುವಾಗ ಒಂದು ಒಡೆದೀತು ಅಂತ ಲೆಕ್ಕ ಇಟ್ಟು ಎರಡು ತನ್ನಿ. ಹಳೆ ಗಾಜಿನ ಮೈ ಸವೆದಿರುತ್ತದೆ, ಗೆರೆ ಹೇಳಿದ ಹಾಗೆ ಓಡುವುದಿಲ್ಲ.

ಬಿರುಕಿಗೆ ಅಂಟು ಹಾಕಿ ಉಳಿಸಬಹುದಾ ಅಂತಲೂ ಕೊನೆಗೊಂದು ಸಾಲು ಬರೆದಿದ್ದೀರಿ. ಕಾರಿನ ಮುಂದಿನ ಗಾಜಿನ ಸಣ್ಣ ಏಟಿಗೆ ಅಂಟು ತುಂಬುತ್ತಾರೆ, ನಿಜ. ಅದು ಲ್ಯಾಮಿನೇಟೆಡ್, ಹಿಂದೆ ಇನ್ನೊಂದು ಗಾಜು ಹಿಡಿದು ನಿಂತಿರುತ್ತದೆ. ಕಿಟಕಿಯ ಒಂಟಿ ಗಾಜಿಗೆ ಆ ಉಪಾಯ ನಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ನೆಲಕ್ಕೆ ಪೊರಕೆ ಹಾಕಿ ಬಿಟ್ಟುಬಿಡಬೇಡಿ. ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ತಾಗಿಸಿ ಬಿಡಿ. ಅಡ್ಡ ಬೆಳಕಿಗೆ ಒಂದೊಂದು ಕಣವೂ ಮಿನುಗುತ್ತದೆ. ನಾದಿದ ಮೈದಾ ಹಿಟ್ಟಿನ ಉಂಡೆಯನ್ನು ಅಲ್ಲಿ ಒತ್ತಿ ಒತ್ತಿ ತೆಗೆಯಿರಿ, ಕಸಬರಿಗೆಗೆ ಸಿಗದ ಪುಡಿಯೂ ಅದಕ್ಕೆ ಅಂಟಿಕೊಂಡು ಬರುತ್ತದೆ. ಮೂರು ವರ್ಷದ ಮಗು ನೆಲದ ಮೇಲೆ ಆಟವಾಡುವ ಮನೆ, ಈ ಹತ್ತು ನಿಮಿಷ ಉಳಿಸಬೇಡಿ. ಒಡೆದ ಚೂರುಗಳನ್ನು ಪೇಪರಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪ್ ಮಾಡಿ, ಮೇಲೆ ದಪ್ಪ ಅಕ್ಷರದಲ್ಲಿ 'ಗಾಜು' ಅಂತ ಬರೆಯಿರಿ. ಕಸದ ಗಾಡಿಯವರ ಕೈಗೇ ಕೊಟ್ಟು ಬಾಯಲ್ಲೂ ಹೇಳಿ. ಅವರಲ್ಲಿ ಎಷ್ಟೋ ಜನ ಬರಿಗೈಯಲ್ಲೇ ಕಸ ಬೇರ್ಪಡಿಸುತ್ತಾರೆ.

ಬಾಗಿಲಿಗೆ ಈ ವಾರವೇ ಟಫನ್ಡ್ ಗಾಜಿನ ಅಳತೆ ಕೊಡಿ, ಮಾಡಿ ಬರಲು ಕೆಲವು ದಿನ ಹಿಡಿಯುತ್ತದೆ. ಹಾಲ್ ಕಿಟಕಿಯನ್ನು ಮಳೆ ಪೂರ್ತಿ ನಿಂತು ಮರ ಒಣಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಮಾಡಿದರೆ ಪ್ರೈಮರ್, ಪುಟ್ಟಿ, ಬಣ್ಣ ಮೂರೂ ಚೆನ್ನಾಗಿ ಹಿಡಿಯುತ್ತವೆ. ಅಲ್ಲಿಯವರೆಗೆ ಆ ಬಿರುಕಿಗೆ ಎರಡೂ ಕಡೆ ಅಗಲ ಟೇಪ್ ಹಚ್ಚಿ, ಆ ಕದವನ್ನು ತೆರೆಯದೆ ಅಗಳಿ ಹಾಕಿಡಿ.